ಲ್ಯಾಪ್‌ಟಾಪಿನಲ್ಲಿರುವ ಮೀಟಿಂಗ್ ಫೋನಿನಲ್ಲಿ ಯಾಕಿಲ್ಲ?

ಈ ವಾರದ ಪ್ರಶ್ನೆ ಹೆಮ್ಮಿಗೆಯಿಂದ ಬಂದಿದೆ. ಬರೆದವರಿಗೆ ವಾರದಲ್ಲಿ ಮೂರು ದಿನ ಊರಿನಿಂದಲೇ ಕೆಲಸ, ಎರಡು ದಿನ ಮೈಸೂರಿನ ಆಫೀಸು.

"ಲ್ಯಾಪ್‌ಟಾಪಿನ ಔಟ್‌ಲುಕ್‌ನಲ್ಲಿ ಮೀಟಿಂಗ್ ಕಾಣುತ್ತೆ, ಫೋನಿನಲ್ಲಿ ಕಾಣಲ್ಲ. ಹೋದ ವಾರ 11 ಗಂಟೆಯ ಕ್ಲೈಂಟ್ ಕಾಲ್ 10 ಗಂಟೆಗೆ ಬದಲಾಗಿತ್ತು. ಅಪ್ಪನ ಕಣ್ಣು ತೋರಿಸೋಕೆ ನರಸೀಪುರಕ್ಕೆ ಹೋಗಿದ್ದೆ, ಫೋನ್ ನೋಡಿದ್ರೆ ಇನ್ನೂ 11 ಅಂತಲೇ ಇತ್ತು. ಊರಲ್ಲಿ ಕೂತ್ಕೊಂಡು ಕೆಲಸ ಮಾಡೋರು ಹಿಂಗೇ ಅಂತ ಮ್ಯಾನೇಜರ್ ಅಂದ್ರು. ಹೊಸ ಫೋನ್ ತಗೋಬೇಕಾ, ಇಲ್ಲ ವರ್ಕ್ ಫ್ರಮ್ ಹೋಮ್ ಬಿಟ್ಟುಬಿಡಬೇಕಾ?"

ಎರಡೂ ಬೇಡ. ಮೊದಲು ತೊಂದರೆ ಎಲ್ಲಿದೆ ಅಂತ ಹುಡುಕೋಣ. ಹುಡುಕುವ ದಾರಿ ನಿಮ್ಮೂರಿನಲ್ಲೇ ಇದೆ.

ಹೆಮ್ಮಿಗೆಯ ಹತ್ತಿರ ಕಾವೇರಿಗೆ ಅಡ್ಡಲಾಗಿ ಮಾಧವಮಂತ್ರಿ ಅಣೆ ಇದೆಯಲ್ಲ, ಅದನ್ನೇ ನೆನೆಸಿಕೊಳ್ಳಿ. ನಾಲೆಯ ಕೊನೆಯ ಗದ್ದೆಗೆ ನೀರು ಬರಲಿಲ್ಲ ಅಂದ್ರೆ ರೈತರು ಗದ್ದೆಯನ್ನು ಬೈಯುತ್ತಾ ಕೂರುವುದಿಲ್ಲ. ಅಣೆಯಲ್ಲಿ ನೀರಿದೆಯಾ, ತೂಬು ತೆರೆದಿದೆಯಾ, ಕಾಲುವೆಯಲ್ಲಿ ಹೂಳು ಕಟ್ಟಿದೆಯಾ ಅಂತ ಮೇಲಿನಿಂದ ಕೆಳಕ್ಕೆ ನೋಡಿಕೊಂಡು ಬರುತ್ತಾರೆ. ಕ್ಯಾಲೆಂಡರ್ ಸಿಂಕ್ ಕೂಡ ಅಷ್ಟೇ. ಕಂಪನಿಯ ಸರ್ವರ್ ಅಂದರೆ ಅಣೆ. ನಿಮ್ಮ ಖಾತೆಯ ಲಾಗಿನ್ ಮತ್ತು ಸಿಂಕ್ ಸೆಟಿಂಗ್ ಅಂದರೆ ತೂಬು. ಫೋನು, ಲ್ಯಾಪ್‌ಟಾಪು, ಟ್ಯಾಬು ಎಲ್ಲವೂ ಗದ್ದೆಗಳು. ನಮ್ಮಲ್ಲಿ ಬಹಳ ಜನ ಮಾಡುವುದು ಇದರ ತಿರುವುಮುರುವು. ಮೊದಲು ಗದ್ದೆಯನ್ನೇ ಅಗೆಯುತ್ತಾರೆ, ಅಂದರೆ ಆ್ಯಪ್ ಅನ್‌ಇನ್‌ಸ್ಟಾಲ್ ಮಾಡುತ್ತಾರೆ.

ಅಣೆಯಲ್ಲಿ ನೀರಿದೆಯಾ?

ಫೋನಿನ ಬ್ರೌಸರ್ ತೆರೆದು ನಿಮ್ಮ ಮೇಲ್‌ನ ವೆಬ್ ಆವೃತ್ತಿಗೆ ಲಾಗಿನ್ ಆಗಿ. ಮೈಕ್ರೋಸಾಫ್ಟ್ ಖಾತೆಯಾದರೆ ಔಟ್‌ಲುಕ್ ವೆಬ್, ಗೂಗಲ್ ಖಾತೆಯಾದರೆ ಗೂಗಲ್ ಕ್ಯಾಲೆಂಡರ್ ವೆಬ್. ಅಲ್ಲಿ ಕಾಣುವುದೇ ಸರ್ವರ್‌ನಲ್ಲಿ ಇರುವ ನಿಜ. ಈಗ ಮೂರು ಸಾಧ್ಯತೆಗಳು.

ವೆಬ್‌ನಲ್ಲಿ ಸರಿಯಿದೆ, ಫೋನಿನಲ್ಲಿಲ್ಲ: ತೊಂದರೆ ಫೋನಿನದು.

ಲ್ಯಾಪ್‌ಟಾಪಿನಲ್ಲಿದೆ, ವೆಬ್‌ನಲ್ಲಿಲ್ಲ: ತೊಂದರೆ ಲ್ಯಾಪ್‌ಟಾಪಿನದು. ಫೋನನ್ನು ಮುಟ್ಟಲೇಬೇಡಿ.

ಎಲ್ಲೂ ಇಲ್ಲ: ಆಹ್ವಾನವೇ ನಿಮಗೆ ಬಂದಿಲ್ಲ, ಅಥವಾ ಮೀಟಿಂಗ್ ಕರೆದವರು ಬದಲಾವಣೆಯನ್ನು ಎಲ್ಲರಿಗೂ ಕಳಿಸಿಲ್ಲ. ಇದನ್ನು ಅವರೇ ಸರಿಮಾಡಬೇಕು.

ಇದಕ್ಕೆ ಹಿಡಿಯುವುದು ಎರಡು ನಿಮಿಷ. ಮುಂದಿನ ಎರಡು ಗಂಟೆ ಉಳಿಯುತ್ತದೆ.

ತೂಬು ತೆರೆದಿದೆಯಾ?

ಫೋನಿನದೇ ತೊಂದರೆ ಅಂತ ಗೊತ್ತಾಯಿತು ಅನ್ನಿ. ಹೆಚ್ಚಿನ ಸಲ ಕಾರಣ ಈ ನಾಲ್ಕರಲ್ಲೊಂದು.

ಮೊದಲನೆಯದು ಪಾಸ್‌ವರ್ಡ್. ಆಫೀಸಿನ ಪಾಸ್‌ವರ್ಡ್ ಅವಧಿ ಮುಗಿದು ಲ್ಯಾಪ್‌ಟಾಪಿನಲ್ಲಿ ಹೊಸದು ಹಾಕಿರುತ್ತೀರಿ. ಫೋನು ಮತ್ತೆ ಲಾಗಿನ್ ಆಗಿ ಅಂತ ಒಂದು ಸಣ್ಣ ಸೂಚನೆ ಕೊಟ್ಟಿರುತ್ತದೆ. ಬಸ್ಸಿನಲ್ಲಿ ನಿಂತಾಗ ಅದನ್ನು ಬೆರಳಲ್ಲಿ ಪಕ್ಕಕ್ಕೆ ತಳ್ಳಿರುತ್ತೀರಿ. ಹಳೆಯ ಮೀಟಿಂಗ್‌ಗಳು ಫೋನಿನಲ್ಲಿ ಹಾಗೇ ಇರುತ್ತವೆ, ಹೊಸದು ಮಾತ್ರ ಬರುವುದಿಲ್ಲ. ಅದಕ್ಕೇ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಹೆಮ್ಮಿಗೆಯ ಓದುಗರ ಫೋನಿನಲ್ಲಿ 11 ಗಂಟೆ ಅಂತಲೇ ಕುಳಿತಿದ್ದಕ್ಕೆ ನನ್ನ ಮೊದಲ ಅನುಮಾನ ಇದರ ಮೇಲೇ. ಆ್ಯಪ್‌ನ ಸೆಟಿಂಗ್ಸ್‌ಗೆ ಹೋಗಿ ಖಾತೆಯ ಹೆಸರು ಒತ್ತಿದರೆ ಎಚ್ಚರಿಕೆಯ ಗುರುತು ಇದೆಯೋ ಇಲ್ಲವೋ ಕಾಣುತ್ತದೆ.

ಇದರಲ್ಲೇ ಇನ್ನೊಂದು ಬಗೆ ಇದೆ. ಹಳೆ ಫೋನಿನ ಮೇಲ್ ಆ್ಯಪ್‌ನಲ್ಲಿ ಬರೀ ಬಳಕೆದಾರ ಹೆಸರು, ಪಾಸ್‌ವರ್ಡ್ ಕೊಟ್ಟು ಆಫೀಸ್ ಖಾತೆ ಸೇರಿಸಿದ್ದರೆ ಅದು ಈಗ ನಡೆಯುವುದಿಲ್ಲ. ಆ ಹಳೆಯ ಲಾಗಿನ್ ಪದ್ಧತಿಯನ್ನು ಮೈಕ್ರೋಸಾಫ್ಟ್ ತನ್ನ ಕ್ಲೌಡ್ ಮೇಲ್ ಸೇವೆಯಲ್ಲಿ 2022ರ ಅಕ್ಟೋಬರ್‌ನಿಂದ ನಿಲ್ಲಿಸುತ್ತಾ ಬಂತು. ಖಾತೆಯನ್ನು ತೆಗೆದು ಹೊಸದಾಗಿ ಸೇರಿಸಿ; ಮೈಕ್ರೋಸಾಫ್ಟ್‌ನ ಲಾಗಿನ್ ಪುಟ ತೆರೆದುಕೊಂಡು ಓಟಿಪಿ ಅಥವಾ ಅನುಮತಿ ಕೇಳಿದರೆ ಸರಿಯಾದ ದಾರಿಯಲ್ಲಿದ್ದೀರಿ ಅಂತ ಅರ್ಥ.

ಎರಡನೆಯದು ಸಿಂಕ್ ಸ್ವಿಚ್. ಆಂಡ್ರಾಯ್ಡ್ ಫೋನಿನ ಸೆಟಿಂಗ್ಸ್‌ನಲ್ಲಿ ಅಕೌಂಟ್ಸ್ ಒಳಗೆ ಪ್ರತಿ ಖಾತೆಗೂ ಮೇಲ್, ಕಾಂಟ್ಯಾಕ್ಟ್ಸ್, ಕ್ಯಾಲೆಂಡರ್ ಅಂತ ಬೇರೆ ಬೇರೆ ಸ್ವಿಚ್ ಇರುತ್ತವೆ. ಮೇಲ್ ಬರುತ್ತಿದೆ ಅಂದಮಾತ್ರಕ್ಕೆ ಕ್ಯಾಲೆಂಡರ್ ಸ್ವಿಚ್ ಆನ್ ಇದೆ ಅಂತಲ್ಲ. ಗೂಗಲ್ ಕ್ಯಾಲೆಂಡರ್ ಆ್ಯಪ್‌ನಲ್ಲಿ ಎಡಗಡೆಯ ಮೂರು ಗೆರೆ ಒತ್ತಿ, ಬೇಕಾದ ಕ್ಯಾಲೆಂಡರ್ ಮುಂದೆ ಟಿಕ್ ಇದೆಯಾ ನೋಡಿ. ಐಫೋನಿನಲ್ಲಿ ಕ್ಯಾಲೆಂಡರ್ ಆ್ಯಪ್‌ನ ಕ್ಯಾಲೆಂಡರ್ಸ್ ಪಟ್ಟಿಯಲ್ಲೂ ಹೀಗೇ ಟಿಕ್ ಇರುತ್ತದೆ.

ಮೂರನೆಯದು ಬ್ಯಾಟರಿ ಮತ್ತು ಡೇಟಾ ಉಳಿತಾಯ. ಊರಿನಲ್ಲಿ ಸಿಗ್ನಲ್ ಒಂದು ಕಡ್ಡಿ, ಎರಡು ಕಡ್ಡಿ. ಚಾರ್ಜ್ ಬೇಗ ಇಳಿಯುತ್ತೆ ಅಂತ ಬ್ಯಾಟರಿ ಸೇವರ್ ಹಾಕಿಕೊಂಡಿರುತ್ತೀರಿ. ಆಗ ಫೋನು ತೆರೆ ಆರಿದ ಕೂಡಲೇ ಹಿನ್ನೆಲೆಯಲ್ಲಿ ನಡೆಯುವ ಕೆಲಸವನ್ನು ಕಡಿಮೆ ಮಾಡುತ್ತದೆ. ಆ್ಯಪ್ ತೆರೆದಾಗ ಮಾತ್ರ ಹೊಸ ಮೀಟಿಂಗ್ ಬರುತ್ತದೆ. ಆ್ಯಪ್ಸ್ ಪಟ್ಟಿಯಲ್ಲಿ ಔಟ್‌ಲುಕ್ ಅಥವಾ ನೀವು ಬಳಸುವ ಕ್ಯಾಲೆಂಡರ್ ಆರಿಸಿ, ಬ್ಯಾಟರಿ ಅನ್ನುವಲ್ಲಿ ನಿರ್ಬಂಧವಿಲ್ಲ ಅನ್ನುವ ಆಯ್ಕೆ ಕೊಡಿ. ಡೇಟಾ ಸೇವರ್‌ನಿಂದಲೂ ಅದೊಂದು ಆ್ಯಪ್‌ಗೆ ವಿನಾಯಿತಿ ಕೊಡಿ. ಕ್ಯಾಲೆಂಡರ್ ತಿನ್ನುವ ಡೇಟಾ ತೀರಾ ಅಲ್ಪ; ಒಂದು ರೀಲ್ ನೋಡುವುದರ ಮುಂದೆ ಲೆಕ್ಕಕ್ಕೇ ಇಲ್ಲ.

ನಾಲ್ಕನೆಯದು ಕಂಪನಿಯ ನಿಯಮ. ಔಟ್‌ಲುಕ್ ಆ್ಯಪ್‌ನೊಳಗೆ ಎಲ್ಲ ಕಾಣುತ್ತದೆ, ಫೋನಿನ ಜೊತೆ ಬಂದ ಕ್ಯಾಲೆಂಡರ್‌ನಲ್ಲಿ ಮಾತ್ರ ಕಾಣುವುದಿಲ್ಲ ಅಂದರೆ, ಆಫೀಸಿನ ಮಾಹಿತಿ ಬೇರೆ ಆ್ಯಪ್‌ಗೆ ಹೋಗದಂತೆ ಐಟಿ ವಿಭಾಗ ತಡೆದಿರಬಹುದು. ಇಲ್ಲಿ ನಿಮ್ಮ ಫೋನು ಕೆಟ್ಟಿಲ್ಲ, ಬೀಗ ಹಾಕಿದೆ ಅಷ್ಟೇ. ಔಟ್‌ಲುಕ್ ಆ್ಯಪ್‌ನ ಕ್ಯಾಲೆಂಡರನ್ನೇ ಹೋಮ್ ಸ್ಕ್ರೀನ್ ಮೇಲೆ ವಿಜೆಟ್ ಆಗಿ ಇಟ್ಟುಕೊಳ್ಳುವುದು ಒಳ್ಳೆಯದು.

ನಾಲ್ಕೂ ಸರಿಯಿದ್ದು ಇನ್ನೂ ಬರುತ್ತಿಲ್ಲವಾದರೆ ಔಟ್‌ಲುಕ್ ಆ್ಯಪ್‌ನ ಖಾತೆ ಸೆಟಿಂಗ್‌ನಲ್ಲಿ ರೀಸೆಟ್ ಅಕೌಂಟ್ ಇದೆ. ಅದು ಫೋನಿನಲ್ಲಿರುವ ಪ್ರತಿಯನ್ನು ಅಳಿಸಿ ಸರ್ವರ್‌ನಿಂದ ಮತ್ತೆ ತರುತ್ತದೆ. ಸರ್ವರ್‌ನಲ್ಲಿರುವುದು ಎಲ್ಲಿಗೂ ಹೋಗುವುದಿಲ್ಲ, ಹೆದರಬೇಡಿ. ವೈಫೈ ಇರುವಾಗ ಮಾಡಿ.

ಲ್ಯಾಪ್‌ಟಾಪೇ ಮೋಸ ಮಾಡಿದಾಗ

ಲ್ಯಾಪ್‌ಟಾಪಿನಲ್ಲಿದೆ, ವೆಬ್‌ನಲ್ಲಿಲ್ಲ ಅನ್ನುವುದು ಸಣ್ಣ ಕಂಪನಿಗಳಲ್ಲಿ ಬಹಳ ಸಾಮಾನ್ಯ. ಕಾರಣ ಐಮ್ಯಾಪ್ ಅಥವಾ ಪಾಪ್ ಎನ್ನುವ ಪದ್ಧತಿಯಲ್ಲಿ ಮೇಲ್ ಖಾತೆ ಸೇರಿಸಿರುವುದು. ಇವೆರಡೂ ಟಪಾಲು ಹೊರುವ ಅಂಚೆಯಣ್ಣನ ಹಾಗೆ. ಮೇಲ್ ತರುತ್ತವೆ. ಕ್ಯಾಲೆಂಡರ್ ಅವುಗಳ ಚೀಲದಲ್ಲಿಲ್ಲ. ಹಳೆಯ ಔಟ್‌ಲುಕ್‌ನಲ್ಲಿ ಇಂಥ ಖಾತೆಗೆ ಬಂದ ಮೀಟಿಂಗ್ ಒಪ್ಪಿಕೊಂಡರೆ ಅದು ಆ ಕಂಪ್ಯೂಟರಿನಲ್ಲಿ ಮಾತ್ರ ಉಳಿಯುತ್ತದೆ. ಎಡಗಡೆಯ ಪಟ್ಟಿಯಲ್ಲಿ ಕ್ಯಾಲೆಂಡರ್ ಹೆಸರಿನ ಪಕ್ಕ 'ದಿಸ್ ಕಂಪ್ಯೂಟರ್ ಓನ್ಲಿ' ಅಂತ ಇದ್ದರೆ ಕಳ್ಳ ಸಿಕ್ಕ. ಎಷ್ಟೇ ಸಲ ಸಿಂಕ್ ಒತ್ತಿದರೂ ಅದು ಫೋನಿಗೆ ಬರುವುದಿಲ್ಲ.

ಪರಿಹಾರ: ಮೈಕ್ರೋಸಾಫ್ಟ್ ಅಥವಾ ಗೂಗಲ್ ಸೇವೆಯ ಖಾತೆಯಾದರೆ ಐಮ್ಯಾಪ್ ಬಿಟ್ಟು ಆ ಸೇವೆಯ ನೇರ ಲಾಗಿನ್‌ನಲ್ಲೇ ಸೇರಿಸಿ. ಹಳೆಯ ಔಟ್‌ಲುಕ್‌ನಲ್ಲಿ ಜಿಮೇಲ್ ಸೇರಿಸಿದರೆ ಮೇಲ್ ಮಾತ್ರ ಬರುತ್ತದೆ. ವಿಂಡೋಸ್‌ನ ಹೊಸ ಔಟ್‌ಲುಕ್ ಜಿಮೇಲ್‌ನ ಕ್ಯಾಲೆಂಡರನ್ನೂ ತರುತ್ತದೆ.

ಇನ್ನೊಂದು ತಮಾಷೆಯ ಕಾರಣವಿದೆ. ಹಳೆಯ ಔಟ್‌ಲುಕ್‌ನ ಕೆಳಗಿನ ಪಟ್ಟಿಯಲ್ಲಿ 'ವರ್ಕಿಂಗ್ ಆಫ್‌ಲೈನ್' ಅಂತ ಬರೆದಿರುತ್ತದೆ. ಕರೆಂಟು ಹೋಗಿ ನೆಟ್ ಇಲ್ಲದಾಗ ಯಾವಾಗಲೋ ಒತ್ತಿದ ಗುಂಡಿ. ಸೆಂಡ್ ರಿಸೀವ್ ಟ್ಯಾಬ್‌ನಲ್ಲಿ ಅದನ್ನು ಇನ್ನೊಮ್ಮೆ ಒತ್ತಿದರೆ ಆಯಿತು.

ಒಂದೇ ಮೀಟಿಂಗ್ ಎರಡೆರಡು ಸಲ

ಕೆಲವರಿಗೆ ಉಲ್ಟಾ ತೊಂದರೆ. ಪ್ರತಿ ಮೀಟಿಂಗೂ ಜೋಡಿಯಾಗಿ ಕಾಣುತ್ತದೆ, ಎರಡು ಸಲ ಗಂಟೆ ಬಾರಿಸುತ್ತದೆ. ಒಂದೇ ಖಾತೆಯನ್ನು ಫೋನಿನ ಸೆಟಿಂಗ್ಸ್‌ನಲ್ಲೂ ಸೇರಿಸಿ, ಔಟ್‌ಲುಕ್ ಆ್ಯಪ್‌ನಲ್ಲೂ ಸೇರಿಸಿ, ಅದರ ಮೇಲೆ ಆ್ಯಪ್‌ನ 'ಸಿಂಕ್ ಕ್ಯಾಲೆಂಡರ್ಸ್' ಕೂಡ ಆನ್ ಮಾಡಿದರೆ ಹೀಗಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ, ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಜೋಡಿಯಲ್ಲಿ ಒಂದನ್ನು ಡಿಲೀಟ್ ಮಾಡುತ್ತಾ ಹೋಗಬೇಡಿ. ಎರಡೂ ಒಂದೇ ಮೀಟಿಂಗ್‌ನ ಎರಡು ನೆರಳು. ಒಂದನ್ನು ಅಳಿಸಿದರೆ ಸರ್ವರ್‌ನಲ್ಲೂ ಅಳಿಯುತ್ತದೆ, ಮೀಟಿಂಗ್ ಕರೆದವರಿಗೆ ನೀವು ಬರುವುದಿಲ್ಲ ಅಂತ ಸುದ್ದಿಯೂ ಹೋಗಬಹುದು. ಮಾಡಬೇಕಾದದ್ದು ಒಂದು ಕಡೆಯ ಸಿಂಕ್ ಸ್ವಿಚ್ ಆಫ್ ಮಾಡುವುದು. ಎರಡೂ ಇಟ್ಟುಕೊಂಡರೆ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಅನ್ನುವ ಪಾಡು.

ಗಂಟೆ ಸರಿದು ಹೋದಾಗ

ಮೀಟಿಂಗ್ ಇದೆ, ಆದರೆ ಹೊತ್ತು ತಪ್ಪಿದೆ ಅಂದರೆ ಎಷ್ಟು ತಪ್ಪಿದೆ ಅಂತ ಲೆಕ್ಕ ಹಾಕಿ. ಆ ವ್ಯತ್ಯಾಸವೇ ಕಾರಣ ಹೇಳುತ್ತದೆ.

ಬೆಳಿಗ್ಗೆ 10ರ ಮೀಟಿಂಗ್ ಮುಂಜಾನೆ 4:30ಕ್ಕೆ ಕಾಣುತ್ತಿದ್ದರೆ ವ್ಯತ್ಯಾಸ ಐದೂವರೆ ಗಂಟೆ. ಭಾರತದ ಸಮಯ ಅಂತರರಾಷ್ಟ್ರೀಯ ಮೂಲ ಸಮಯಕ್ಕಿಂತ 5:30 ಮುಂದಿದೆ. ಎಲ್ಲೋ ಟೈಮ್ ಝೋನ್ ಭಾರತಕ್ಕೆ ಹೊಂದಿಸದೆ ಸೊನ್ನೆಯಲ್ಲಿದೆ. ವಿಂಡೋಸ್‌ನಲ್ಲಿ 'ಚೆನ್ನೈ, ಕೋಲ್ಕತ, ಮುಂಬೈ, ನ್ಯೂ ಡೆಲ್ಲಿ' ಅನ್ನುವ ಆಯ್ಕೆ ನಮ್ಮದು. ಔಟ್‌ಲುಕ್ ವೆಬ್‌ನ ಸೆಟಿಂಗ್ಸ್‌ನಲ್ಲಿ ಬೇರೆಯದೇ ಟೈಮ್ ಝೋನ್ ಇರುತ್ತದೆ, ಅದನ್ನೂ ನೋಡಿ. ವ್ಯತ್ಯಾಸ ಬರೀ ಅರ್ಧ ಗಂಟೆಯಾದರೆ ಪಕ್ಕದ ಕರಾಚಿಯನ್ನೋ ಢಾಕಾವನ್ನೋ ಆರಿಸಿರುತ್ತೀರಿ.

ಸರಿಯಾಗಿ ಒಂದು ಗಂಟೆ ತಪ್ಪಿದ್ದು, ತಿಂಗಳು ಮಾರ್ಚ್ ಅಥವಾ ನವೆಂಬರ್ ಆದರೆ ಯಾರದೂ ತಪ್ಪಿಲ್ಲ. ಅಮೆರಿಕದ ಬಹುಭಾಗದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ಯುರೋಪಿನಲ್ಲಿ ಇದು ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ. ನಾವು ಗಡಿಯಾರ ಮುಟ್ಟುವುದಿಲ್ಲ. ನ್ಯೂಯಾರ್ಕಿನವರು ತಮ್ಮ ಬೆಳಿಗ್ಗೆ 9:30ಕ್ಕೆ ಕರೆದ ಮೀಟಿಂಗ್ ನಮಗೆ ಬೇಸಿಗೆಯಲ್ಲಿ ಸಂಜೆ 7 ಗಂಟೆ, ಚಳಿಗಾಲದಲ್ಲಿ ರಾತ್ರಿ 8 ಗಂಟೆ. ಕ್ಯಾಲೆಂಡರ್ ತಾನಾಗಿ ಬದಲಾಯಿಸುತ್ತದೆ. ಬದಲಾಗದೆ ಉಳಿಯುವುದು ನಮ್ಮ ತಲೆಯೊಳಗಿನ ಏಳು ಗಂಟೆ. ಮಾರ್ಚ್‌ನಲ್ಲಿ ಎರಡು-ಮೂರು ವಾರ ಅಮೆರಿಕ ಬದಲಾಗಿ ಯುರೋಪ್ ಬದಲಾಗದೆ ಇರುವ ಅವಧಿ ಬರುತ್ತದೆ. ಎರಡೂ ಕಡೆಯವರ ಜೊತೆ ಕೆಲಸ ಮಾಡುವವರು ಆ ದಿನಗಳಲ್ಲಿ ಬಾಯಿಪಾಠದ ಮೇಲೆ ನಂಬಿಕೆ ಇಡಬೇಡಿ.

ಹಬ್ಬ ಹಾಕುವ ಮುಂಚೆ

ರಜೆ ಕೇಳಲು ಅನುಕೂಲವಾಗಲಿ ಅಂತ ಹಬ್ಬಗಳನ್ನು ಕ್ಯಾಲೆಂಡರ್‌ನಲ್ಲಿ ಹಾಕಿ, 'ಪ್ರತಿ ವರ್ಷ' ಅಂತ ಒತ್ತುವವರು ಬಹಳ. ಯುಗಾದಿ 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19. ಒಂದು ಸಲ ಹಾಕಿ ಬಿಟ್ಟರೆ ಮುಂದಿನ ವರ್ಷ ಹಬ್ಬ ಮುಗಿದ ಮೇಲೆ ಫೋನು ಹೋಳಿಗೆ ನೆನಪಿಸುತ್ತದೆ. ನಂಜನಗೂಡಿನ ದೊಡ್ಡ ಜಾತ್ರೆಯೂ ಅಷ್ಟೇ, ಒಂದು ವರ್ಷ ಮಾರ್ಚ್, ಇನ್ನೊಂದು ವರ್ಷ ಏಪ್ರಿಲ್.

ನಮ್ಮ ಸೀಮೆಯಲ್ಲಿ ಇದಕ್ಕಿಂತ ಕಠಿಣವಾದ ಉದಾಹರಣೆ ತಲಕಾಡಿನ ಪಂಚಲಿಂಗ ದರ್ಶನ. 2009, 2013, 2020ರಲ್ಲಿ ನಡೆಯಿತು. ಮೊದಲು ನಾಲ್ಕು ವರ್ಷದ ಅಂತರ, ಆಮೇಲೆ ಏಳು. ಕಾರ್ತಿಕದ ಅಮಾವಾಸ್ಯೆ ಸೋಮವಾರವೇ ಬಂದು ನಕ್ಷತ್ರವೂ ಕೂಡಬೇಕು. ಯಾವ ಆಫೀಸ್ ತಂತ್ರಾಂಶದ 'ರಿಪೀಟ್' ಗುಂಡಿಯಲ್ಲೂ ಅದಿಲ್ಲ. ತಿರುಮಕೂಡಲು ಕುಂಭಮೇಳ ಮೂರು ವರ್ಷಕ್ಕೊಮ್ಮೆ ಅಂತ ಲೆಕ್ಕ, ಆದರೆ 2019ರ ನಂತರ ಕೋವಿಡ್‌ನಿಂದಾಗಿ ನಡುವಿನದು ತಪ್ಪಿ 2025ರ ಫೆಬ್ರವರಿಯಲ್ಲೇ ನಡೆದದ್ದು. ಇಂಥವಕ್ಕೆ ಪಂಚಾಂಗ ನೋಡಿ ಆಯಾ ವರ್ಷದ ತಾರೀಕು ಕೈಯಾರೆ ಹಾಕುವುದೇ ಸರಿ.

ಯಾರಾದರೂ ಹಬ್ಬಗಳ ಕ್ಯಾಲೆಂಡರ್ ಫೈಲ್ ಅಥವಾ ಲಿಂಕ್ ಕಳಿಸಿದರೆ ಒಂದು ವ್ಯತ್ಯಾಸ ತಿಳಿದಿರಿ. ಫೈಲನ್ನು ಇಂಪೋರ್ಟ್ ಮಾಡಿದರೆ ಅದು ಫೋಟೋ ತೆಗೆದ ಹಾಗೆ, ಆಮೇಲೆ ಅವರು ತಿದ್ದಿದರೂ ನಿಮ್ಮಲ್ಲಿ ತಿದ್ದುವುದಿಲ್ಲ. ಲಿಂಕ್‌ಗೆ ಸಬ್‌ಸ್ಕ್ರೈಬ್ ಮಾಡಿದರೆ ತಿದ್ದುಪಡಿ ಬರುತ್ತದೆ, ಆದರೆ ತಕ್ಷಣ ಅಲ್ಲ. ಹಲವು ಗಂಟೆ, ಕೆಲವೊಮ್ಮೆ ಒಂದು ದಿನವೂ ಹಿಡಿಯುತ್ತದೆ. ಅದಕ್ಕೇ ಆಫೀಸಿನ ಶಿಫ್ಟ್ ಪಟ್ಟಿಯನ್ನು ಹೀಗೆ ಲಿಂಕ್ ಮೂಲಕ ನೋಡುವವರು ಬೆಳಿಗ್ಗೆಯ ಬದಲಾವಣೆಯನ್ನು ಸಂಜೆಗೆ ಕಾಣುತ್ತಾರೆ. ಅಪರಿಚಿತರ ಲಿಂಕ್‌ಗೆ ಮಾತ್ರ ಸಬ್‌ಸ್ಕ್ರೈಬ್ ಮಾಡಬೇಡಿ. 'ನಿಮ್ಮ ಫೋನಿಗೆ ವೈರಸ್ ಬಂದಿದೆ' ಅನ್ನುವ ಸುಳ್ಳು ನೆನಪೋಲೆಗಳು ಬರುವುದು ಹೀಗೇ.

ಖಾತೆ ಆಫೀಸಿನದು, ಫೋನು ನಿಮ್ಮದು

ಸಿಂಕ್ ಸರಿಹೋದ ಖುಷಿಯಲ್ಲಿ ಇದನ್ನು ಮರೆಯಬೇಡಿ. ಫೋನಿನ ಸೆಟಿಂಗ್ಸ್‌ನಲ್ಲಿ ಆಫೀಸ್ ಖಾತೆ ಸೇರಿಸುವಾಗ 'ಡಿವೈಸ್ ಅಡ್ಮಿನ್' ಅನುಮತಿ ಕೇಳುವುದುಂಟು. ಆ ಪುಟದಲ್ಲಿ ಎಲ್ಲ ಡೇಟಾ ಅಳಿಸುವ ಅಧಿಕಾರ ಅಂತ ಇದ್ದರೆ ಅದರ ಅರ್ಥ ಅಕ್ಷರಶಃ ಅದೇ. ಫೋನ್ ಕಳೆದರೆ ಅಥವಾ ನೀವು ಕೆಲಸ ಬಿಟ್ಟರೆ ಕಂಪನಿ ದೂರದಿಂದಲೇ ಫೋನ್ ಅಳಿಸಬಹುದು. ಜೊತೆಗೆ ಅಜ್ಜಿಯ ಫೋಟೋ, ಮಗುವಿನ ಮೊದಲ ಹೆಜ್ಜೆಯ ವಿಡಿಯೋ ಎಲ್ಲವೂ ಹೋದಂತೆ. ಔಟ್‌ಲುಕ್ ಆ್ಯಪ್ ಬಳಸಿದರೆ ಅಥವಾ ಆಂಡ್ರಾಯ್ಡ್‌ನಲ್ಲಿ ಪ್ರತ್ಯೇಕ ವರ್ಕ್ ಪ್ರೊಫೈಲ್ ಇದ್ದರೆ ಆಫೀಸಿನ ಭಾಗವನ್ನಷ್ಟೇ ಅಳಿಸಲು ಸಾಧ್ಯ. ಆದ್ದರಿಂದ ನಿಮ್ಮ ಸ್ವಂತ ಫೋನಾದರೆ ಅದೇ ದಾರಿ ಕೇಳಿ.

ಮನೆಯ ಕೆಲಸಗಳನ್ನು ಆಫೀಸ್ ಕ್ಯಾಲೆಂಡರ್‌ನಲ್ಲಿ ಬರೆಯುವವರಿಗೂ ಒಂದು ಮಾತು. ಕೆಲಸ ಬಿಟ್ಟ ದಿನ ಆ ಖಾತೆ ಮುಚ್ಚುತ್ತದೆ. ಮಗುವಿನ ಲಸಿಕೆ, ಅಪ್ಪನ ಚೆಕಪ್, ಇನ್ಶೂರೆನ್ಸ್ ಕಂತು ಎಲ್ಲ ಅದರ ಜೊತೆ ಹೋಗುತ್ತವೆ. ಸ್ವಂತದ್ದನ್ನು ಸ್ವಂತ ಖಾತೆಯಲ್ಲೇ ಹಾಕಿ. ಆ ಹೊತ್ತಿಗೆ ಆಫೀಸ್ ಕ್ಯಾಲೆಂಡರ್‌ನಲ್ಲಿ 'ಬ್ಯುಸಿ' ಅಂತ ಒಂದು ಚೌಕ ಹಾಕಿ, 'ಪ್ರೈವೇಟ್' ಗುರುತು ಕೊಡಿ. ಸಹೋದ್ಯೋಗಿಗಳಿಗೆ ನೀವು ಸಿಗುವುದಿಲ್ಲ ಅಂತ ಗೊತ್ತಾದರೆ ಸಾಕು, ಯಾವ ಡಾಕ್ಟರ ಹತ್ತಿರ ಅಂತ ಗೊತ್ತಾಗಬೇಕಿಲ್ಲ.

ಹೆಮ್ಮಿಗೆಯ ಓದುಗರೇ, ನೀವು ನರಸೀಪುರಕ್ಕೆ ಹೋದ ಆ ಬೆಳಿಗ್ಗೆ ಇಂಥ ಒಂದು ಚೌಕ ಇದ್ದಿದ್ದರೆ ಮೀಟಿಂಗ್ 10ಕ್ಕೆ ತಳ್ಳುವವರಿಗೆ ನೀವು ಬಿಡುವಿಲ್ಲ ಅಂತ ಮೊದಲೇ ಕಾಣುತ್ತಿತ್ತು.

ಮ್ಯಾನೇಜರ್‌ಗೆ ಏನು ಹೇಳುವುದು?

ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದು. ತಪ್ಪಿದ್ದು ಒಂದು ಕಾಲ್, ಆದರೆ ಸುತ್ತಿಕೊಂಡದ್ದು ಊರಿನಿಂದ ಕೆಲಸ ಮಾಡುವವರೆಲ್ಲರ ಹೆಸರಿಗೆ. ಬಾಯಿಮಾತಿನ ಸಮಜಾಯಿಷಿ ಇಲ್ಲಿ ನಿಲ್ಲುವುದಿಲ್ಲ. ವೆಬ್‌ನಲ್ಲಿ ಕಾಣುವ ಮೀಟಿಂಗ್ ಮತ್ತು ಫೋನಿನಲ್ಲಿ ಕಾಣುವ ಮೀಟಿಂಗ್, ಎರಡರ ಸ್ಕ್ರೀನ್‌ಶಾಟ್ ಒಂದೇ ಹೊತ್ತಿನಲ್ಲಿ ತೆಗೆಯಿರಿ, ಮೇಲ್ಗಡೆ ಗಡಿಯಾರ ಕಾಣುವ ಹಾಗೆ. ಐಟಿ ಹೆಲ್ಪ್‌ಡೆಸ್ಕ್‌ಗೆ ದೂರು ಹಾಕಿ. ಫೋನ್ ಮಾದರಿ, ಆ್ಯಪ್ ಹೆಸರು, ಯಾವ ದಿನದಿಂದ ಹೀಗೆ, ಏನೇನು ಮಾಡಿ ನೋಡಿದಿರಿ ಅಂತ ನಾಲ್ಕು ಸಾಲು. ಆ ದೂರಿನ ಸಂಖ್ಯೆಯನ್ನು ಮ್ಯಾನೇಜರ್‌ಗೆ ಒಂದೇ ಸಾಲಿನ ಮೇಲ್‌ನಲ್ಲಿ ಕಳಿಸಿ: 'ಸಮಯ ಬದಲಾದದ್ದು ನನ್ನ ಫೋನಿಗೆ ಬಂದಿರಲಿಲ್ಲ, ಕಾರಣ ಇದು, ಸರಿಪಡಿಸಿದ್ದೇನೆ.' ಅಷ್ಟು ಸಾಕು. ಸಿಗ್ನಲ್ಲಿನ ಕಥೆ, ಕರೆಂಟಿನ ಕಥೆ ಸೇರಿಸಬೇಡಿ.

ಜೊತೆಗೆ ದಿನಕ್ಕೊಂದು ಅಭ್ಯಾಸ. ರಾತ್ರಿ ಮಲಗುವ ಮುಂಚೆ ಆ್ಯಪ್ ತೆರೆದು ನಾಳೆಯ ದಿನವನ್ನು ಕೆಳಕ್ಕೆ ಎಳೆದು ರಿಫ್ರೆಶ್ ಮಾಡಿ. ಮುಖ್ಯವಾದ ಕಾಲ್ ಇರುವ ದಿನ ಮನೆ ಬಿಡುವ ಮುಂಚೆ ವೆಬ್ ಆವೃತ್ತಿಯನ್ನೇ ಒಮ್ಮೆ ನೋಡಿ. ತೂಬು ತೆರೆದಿದ್ದರೂ ನೀರುಗಂಟಿ ದಿನಾ ಕಾಲುವೆ ಮೇಲೆ ಒಂದು ಸುತ್ತು ನಡೆಯುತ್ತಾನೆ, ಅಲ್ಲವೇ?

ಎಲ್ಲಕ್ಕೂ ಮೊದಲು ಪಾಸ್‌ವರ್ಡ್ ಸೂಚನೆ ನೋಡಿ. ಹತ್ತರಲ್ಲಿ ಒಂದು ಕೆಲಸ ಮಾಡಲು ಮಾತ್ರ ಹೊತ್ತಿದೆ ಅಂದರೆ ಅದೇ ಆಗಲಿ. ಆಮೇಲೂ ಸರಿಹೋಗದಿದ್ದರೆ ಫೋನ್ ಮಾದರಿ ಮತ್ತು ಖಾತೆ ಯಾವ ಸೇವೆಯದು ಅಂತ ಬರೆದು ಕಳಿಸಿ. ಪಾಸ್‌ವರ್ಡ್ ಮಾತ್ರ ಯಾರು ಕೇಳಿದರೂ ಕಳಿಸಬೇಡಿ, ನಾನು ಕೇಳಿದರೂ.